ಹುನ್ನೂರ ಆಯಿ ಹಾಕಿದ ಪಾಲು

ಹೋದ ವಾರ ಮುಧೋಳದ ನಮ್ಮ ಓಣಿಯ ತುದಿಯಲ್ಲಿ ಯಾರೋ ಜೋಳದ ಅಳ್ಳು ಹುರಿಯುತ್ತಿದ್ದರು. ಶಾಲೆ ಬಿಟ್ಟು ಸ್ಕೂಟಿಯಲ್ಲಿ ಬರುತ್ತಿದ್ದವಳು ತಟ್ಟನೆ ಬ್ರೇಕು ಹಾಕಿದೆ. ಹಿಂದೆ ಬರುತ್ತಿದ್ದ ಬೈಕಿನವನು ಏನೋ ಬೈದು ಹೋದ. ಬೈಯಲಿ ಬಿಡಿ. ಈಗೀಗ ಯಾರ ಮನೆಯಲ್ಲಿ ಅಳ್ಳು ಹುರಿಯುತ್ತಾರೆ? ನಾಗರ ಪಂಚಮಿ ಬಂತೆಂದರೆ ಅಂಗಡಿಯಿಂದ ಪಾಕೀಟು ತರುತ್ತೇವೆ, ಉಂಡಿಯನ್ನೂ ಅಲ್ಲಿಂದಲೇ ತರುತ್ತೇವೆ. ನಮ್ಮ ಮನೆಯದೂ ಅದೇ ಕಥೆ, ನಾನೇನು ದೊಡ್ಡ ಸಾಧ್ವಿಯಲ್ಲ. ಆದರೆ ನೆನೆದ ಜೋಳ ಕಾದ ಬೋಗುಣಿಗೆ ಬಿದ್ದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಪಟಪಟ ಸಿಡಿಯುವಾಗ ಏಳುವ ಆ ವಾಸನೆ ಇದೆಯಲ್ಲ... ಸ್ವಲ್ಪ ಸುಟ್ಟದ್ದು, ಸ್ವಲ್ಪ ಸಿಹಿಯದು... ಅದು ಪಾಕೀಟಿನಲ್ಲಿ ಬರುವುದಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹುಚ್ಚಿಯ ಹಾಗೆ ಮೂಗರಳಿಸಿಕೊಂಡು ನಿಂತೆ. ಹುನ್ನೂರ ಆಯಿ ನೆನಪಾದಳು.

ಆಯಿ ನನಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಬೀಳಗಿಯಲ್ಲಿ ನನ್ನ ಅಪ್ಪ ಕಾಮಾಲೆಯಿಂದ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಅವ್ವ ಮೂರು ವರ್ಷ ಹೊಲಿಗೆ ಮಷೀನು ತುಳಿದಳು. ನಾನು ಒಂಬತ್ತನೇ ತರಗತಿಗೆ ಕಾಲಿಡುವ ಬೇಸಿಗೆಯಲ್ಲಿ ಬನಹಟ್ಟಿಯ ನೇಕಾರರೊಬ್ಬರ ಜೊತೆ ಅವಳ ಉಡಕಿ ಆಯಿತು. ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಂದರವಿಲ್ಲ, ಬಾಜಾಬಜಂತ್ರಿಯಿಲ್ಲ; ಗುಡಿಯಲ್ಲಿ ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಬೇಗ ಬೇಗ ಮುಗಿಸುತ್ತಾರೆ. ಆ ನೇಕಾರರ ಮೊದಲ ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಆರು ವರ್ಷದ ಒಬ್ಬ ಮಗಳಿದ್ದಳು. ಆ ತೀರಿಕೊಂಡವಳ ತಾಯಿಯೇ ಹುನ್ನೂರ ಆಯಿ; ಅಜ್ಜಿಗೆ ನಮ್ಮ ಕಡೆ ಆಯಿ ಎನ್ನುತ್ತೇವೆ. ಅಂದರೆ ನನ್ನ ಅವ್ವನ ಎರಡನೇ ಗಂಡನ ಮೊದಲ ಹೆಂಡತಿಯ ತಾಯಿ. ದಿನಾ ಗಣಿತ ಕಲಿಸುವವಳು ನಾನು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿದರೆ ಉತ್ತರ ಸೊನ್ನೆಯೇ ಬರುತ್ತದೆ.

ಬನಹಟ್ಟಿಯ ಮನೆ ನನಗೆ ಮೊದಲ ದಿನದಿಂದಲೇ ಸೇರಲಿಲ್ಲ. ಪಡಸಾಲೆಯ ತುಂಬ ಎರಡು ಪವರ್‌ಲೂಮ್. ಬೆಳಿಗ್ಗೆ ಶುರುವಾದರೆ ಖಟಾಖಟ್ ಖಟಾಖಟ್, ಗೋಡೆಯ ಮೇಲಿನ ಕ್ಯಾಲೆಂಡರು ಕೂಡ ನಡುಗುತ್ತಿತ್ತು. ಆ ನೇಕಾರರನ್ನು ಏನೆಂದು ಕರೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ, ಕೊನೆಗೆ ನಾನೇ ಕಾಕಾ ಎಂದೆ. ಕಾಕಾ ನನ್ನ ಜೊತೆ ಮಾತಾಡಿದಾಗಲೆಲ್ಲ ಒದರುತ್ತಿದ್ದರು. 'ಚಾ ಕುಡಿದೇನ?' ಎಂಬುದನ್ನೂ ಜಗಳಕ್ಕೆ ಬಂದವರ ಹಾಗೆ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇವರು ಯಾರು ನನ್ನ ಮೇಲೆ ದನಿ ಏರಿಸಲು? ಎರಡು ತಿಂಗಳು ಹೀಗೇ ಮುಖ ಗಂಟು ಹಾಕಿಕೊಂಡು ತಿರುಗಿದೆ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತವರಿಗೆ ಕಿವಿ ಮಂದ, ಆ ಓಣಿಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ, ಪ್ರೀತಿಯನ್ನೂ ಒದರಿಯೇ ಹೇಳುತ್ತಾರೆ ಎಂಬುದು ಬೀಳಗಿಯಿಂದ ಬಂದ ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಇನ್ನು ಆ ಸಣ್ಣವಳು. ಬಾಲದ ಹಾಗೆ ನನ್ನ ಹಿಂದೆ ಹಿಂದೆ. ನಾನು ಪುಸ್ತಕ ತೆರೆದರೆ ಅವಳೂ ಪಾಟಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು, ನಾನು ನೀರು ಕುಡಿದರೆ ಅವಳಿಗೂ ಬಾಯಾರಿಕೆ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ, 'ನಾ ನಿನ್ನ ಅಕ್ಕ ಅಲ್ಲ, ತಿಳೀತಿಲ್ಲ?' ಅವಳು ಪಾಪ ಅಳಲೂ ಇಲ್ಲ. ಕಣ್ಣು ದೊಡ್ಡದು ಮಾಡಿ, 'ಹಂಗಾದ್ರ ಯಾರು?' ಎಂದು ಕೇಳಿದಳು. ನಾನು ಎದ್ದು ಹೊರಗೆ ಹೋದೆ.

ನನ್ನ ಮಂಚದ ಕೆಳಗೆ ಒಂದು ಚೀಲ ಸದಾ ತುಂಬಿಯೇ ಇರುತ್ತಿತ್ತು. ಅಪ್ಪನ ಅಣ್ಣ, ಬೀಳಗಿಯ ದೊಡ್ಡಪ್ಪ, ಉಡಕಿಯ ದಿನ ಬಂದಿರಲಿಲ್ಲ. ತಮ್ಮನ ಹೆಂಡತಿ ಇನ್ನೊಂದು ಮನೆ ಸೇರಿದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು. ಆದರೆ ನನಗೆ ಹೇಳಿ ಕಳಿಸಿದ್ದರು: ಪಂಚಮಿ ಮುಗಿದ ಮರುದಿನ ಬರುತ್ತೇನೆ, ಬೀಳಗಿಯ ಹೈಸ್ಕೂಲಿಗೆ ಮತ್ತೆ ಹೆಸರು ಹಚ್ಚಿಸುತ್ತೇನೆ, ಇನ್ನು ಮೇಲೆ ನಮ್ಮ ಮನೆಯಲ್ಲೇ ಇರು. ಅವ್ವನಿಗೆ ತಿಳಿಸಿದೆ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. 'ನಿನ್ನ ಮನಸು' ಎಂದಳು. ಬೇಡ ಅನ್ನಲಿಲ್ಲವಲ್ಲ ಎಂದು ನನಗೆ ಅದಕ್ಕೂ ಸಿಟ್ಟು. ಹದಿನಾಲ್ಕು ವರ್ಷದ ಹುಡುಗಿಗೆ ಸಿಟ್ಟಿಗೇನು ಬರ!

ಹಾಗೆ ದಿನ ಎಣಿಸುತ್ತಿರುವಾಗಲೇ ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ಅಪ್ಪನೋ ಕರೆಯಲು ಬರಬೇಕು. ಓಣಿಯಲ್ಲಿ ದಿನಕ್ಕೊಬ್ಬಳು ಟ್ರಂಕು ಹಿಡಿದು ಹೊರಡುತ್ತಿದ್ದಳು. 'ನಿಮ್ಮವ್ವನ್ನ ಕರ್ಯಾಕ ಯಾವಾಗ ಬರ್ತಾರ?' ಎಂದು ಹೆಂಗಸರು ನನ್ನನ್ನು ಕೇಳುತ್ತಿದ್ದರು. ಅವ್ವನಿಗೆ ಇದ್ದವನು ಒಬ್ಬ ಅಣ್ಣ. ಉಡಕಿ ಮಾಡಿಕೊಂಡ ದಿನದಿಂದ ಅವನು ಮಾತು ಬಿಟ್ಟಿದ್ದ. ಆದರೂ ಹೊರಗೆ ಚಪ್ಪಲಿ ಸದ್ದಾದರೆ ಅವ್ವ ತಲೆ ಎತ್ತುತ್ತಿದ್ದಳು. ಅದನ್ನು ನಾನು ನೋಡಿದೆ. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಎರಡು ದಿನ ಆ ಮಾವನ ಮೇಲೆ ತಿರುಗಿತ್ತು.

ಆಗ ಬಂದಳು ನೋಡಿ ಆಯಿ. ಮಧ್ಯಾಹ್ನದ ಹೊತ್ತು, ಜಮಖಂಡಿ ಬಸ್ಸಿಗೆ ಬಂದಿಳಿದು, ಬಗಲಲ್ಲಿ ಒಂದು ಕೈಚೀಲ. ಗಿಡ್ಡ ಜೀವ, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಮುಂದಿನ ಎರಡು ಹಲ್ಲು ಇಲ್ಲ. ಬಾಗಿಲಲ್ಲಿ ನಿಂತು ಮೂಗಿಗೆ ತಪಕೀರು ಏರಿಸಿ, ಸೀನಿ, ಆಮೇಲೆಯೇ ಒಳಗೆ ಕಾಲಿಟ್ಟಳು. ಕಾಕಾ ಎರಡೂ ಮಗ್ಗ ನಿಲ್ಲಿಸಿದರು. ಅಷ್ಟು ನಿಶ್ಶಬ್ದವನ್ನು ಆ ಮನೆಯಲ್ಲಿ ಮೊದಲ ಸಲ ಕೇಳಿದೆ. ಅವ್ವನ ಮುಖ ಬಿಳಿಚಿತು. ಸತ್ತವಳ ತಾಯಿ ಬಂದಿದ್ದಾಳೆ, ತನ್ನ ಮಗಳ ಒಲೆಯ ಮುಂದೆ ಬೇರೆಯವಳು ಕೂತಿದ್ದಾಳೆ, ಇನ್ನೇನು ಕಾದಿದೆಯೋ ಎಂದು ನಾನೂ ಅವ್ವನ ಪಕ್ಕಕ್ಕೆ ಸರಿದೆ. 'ಮಗಳನ್ನ ಕರ್ಯಾಕ ಬಂದೇನಿ' ಎಂದಳು ಆಯಿ. ಅವ್ವ ಗಡಬಡಿಸಿ ಒಳಗೆ ಓಡಿ, ಸಣ್ಣವಳ ಲಂಗ, ರಿಬ್ಬನ್ನು ತಂದು ಚೀಲಕ್ಕೆ ತುಂಬತೊಡಗಿದಳು.

'ಏ ಬೇ, ಅದು ಮೊಮ್ಮಗಳು' ಎಂದಳು ಆಯಿ. 'ನಾ ಕರ್ಯಾಕ ಬಂದಿದ್ದು ಮಗಳನ್ನ. ನಿನ್ನ ಸೀರಿ ತುಂಬ್ಕೋ. ಬಸ್ಸ ಹೋಗತೈತಿ.'

ಸತ್ತ ಮಗಳ ಜಾಗಕ್ಕೆ ಬಂದವಳು ಆ ತವರಿಗೆ ಮಗಳೇ ಆಗಬೇಕು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಹೇಳುವವರು ಬಹಳ. ಮಾಡುವವರನ್ನು ನಾನು ನೋಡಿದ್ದು ಆವತ್ತೇ. ಅವ್ವ ಅಡುಗೆ ಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಕಾಕಾ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನು ಮಾತ್ರ ನನ್ನ ಹಟ ಬಿಡಲಿಲ್ಲ. 'ನಾ ಬರೂದಿಲ್ಲ' ಎಂದೆ. ಆಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. 'ಬೀಳಗಿಯಾಕಿ ನೀನ ಏನ? ನಿನ್ನ ಯಾರ ಕರದ್ರ ಬೇ? ನಿಮ್ಮವ್ವನ್ನ ಕರ್ಯಾಕ ಬಂದೇನಿ ನಾ. ಆಕಿ ಬರ್ತಾಳ. ನಿನಗ ಈ ಮಗ್ಗದ ಸದ್ದು ಅಷ್ಟ ಪ್ರೀತಿ ಇದ್ರ ಕೇಳ್ಕೋತ ಇಲ್ಲೇ ಕುಂಡ್ರು.' ಐದೇ ನಿಮಿಷಕ್ಕೆ ನಾನು ಮಂಚದ ಕೆಳಗಿನ ಚೀಲ ಎಳೆದುಕೊಂಡು ಹೊರಗೆ ಬಂದೆ. ಅದು ಹೇಗೂ ತುಂಬಿಯೇ ಇತ್ತು. ಆಯಿ ಅದನ್ನು ಒಮ್ಮೆ ನೋಡಿ ಬಸ್ಸಿನ ಕಡೆ ನಡೆದಳು. ಅವತ್ತಿನಿಂದ ನನ್ನ ಹೆಸರು ಬೀಳಗಿ ಎಂದೇ ಆಯಿತು. ಏ ಬೀಳಗಿ, ನೀರ ತಾ. ಏ ಬೀಳಗಿ, ಸಣ್ಣಾಕಿ ತಲಿ ಹಿಕ್ಕು.

ಹುನ್ನೂರಿನಲ್ಲಿ ಆಯಿಯ ಮನೆ ಸಣ್ಣದು. ಮಗ್ಗವಿಲ್ಲ, ಸದ್ದಿಲ್ಲ, ಹಿತ್ತಲಲ್ಲಿ ಒಂದು ಎಮ್ಮೆ. ಗೋಡೆಯ ಮೇಲೆ ಮಗಳ ಫೋಟೋ. ಅವ್ವ ಅದರ ಮುಂದೆ ಬಂದಾಗೆಲ್ಲ ತಲೆ ತಗ್ಗಿಸುತ್ತಿದ್ದಳು, ಏನೋ ಕದ್ದವಳ ಹಾಗೆ. ಓಣಿಯ ಹೆಂಗಸರು ನೋಡಲು ಬಂದರು. ನೋಡಲು ಎಂದರೆ ನೋಡಲಿಕ್ಕೇ. ಎದುರು ಮನೆಯಾಕೆ ಬಾಗಿಲಿಗೆ ಒರಗಿ, 'ಹಂಗಾರ ಇಕಿ ನಿನ್ನ ಮಗಳಿಗೆ ಸವತಿ ಆಗಬೇಕಲ್ಲ?' ಎಂದಳು. ಆಯಿ ಉಂಡಿ ಕಟ್ಟುತ್ತಿದ್ದವಳು ಕತ್ತೆತ್ತದೆ, 'ನನಗ ಮಗಳ ಆಗಬೇಕು. ನಿನಗ ಏನ ಆಗಬೇಕಂತ ನೀನ ಕುಂತ ವಿಚಾರ ಮಾಡು. ಅಲ್ಲಿತನಕ ಈ ಶೇಂಗಾ ಒಂದೀಟ ಸುಲಿ' ಎಂದು ಮೊರ ಅವಳ ಕಡೆ ದಬ್ಬಿದಳು. ಆಕೆ ಪೂರ್ತಿ ಒಂದು ಸೇರು ಶೇಂಗಾ ಸುಲಿದುಕೊಟ್ಟೇ ಹೋದಳು, ಆ ಮಾತು ಬೇರೆ.

ಅವತ್ತು ಸಂಜೆ ನನ್ನನ್ನು ಅಳ್ಳು ಹುರಿಯಲು ಕೂರಿಸಿದಳು. ಬಿಸಿನೀರಲ್ಲಿ ನೆನೆಸಿ, ಅರಿವೆಯಲ್ಲಿ ಕಟ್ಟಿಟ್ಟ ಜೋಳ. ಒಂದು ಹಿಡಿ ಹಾಕಬೇಕು, ಬಟ್ಟೆಯ ಸಿಂಬಿಯಿಂದ ಒತ್ತಿ ತಿರುಗಿಸಬೇಕು, ಸಿಡಿಯತೊಡಗಿದ ಕೂಡಲೇ ಎತ್ತಬೇಕು. ನನ್ನ ಮೊದಲ ಎರಡು ಹಿಡಿ ಕರಿಬೂದಿ. 'ಇರ್ಲಿ ಬಿಡು, ಎಮ್ಮಿ ತಿಂತೈತಿ' ಎಂದಳು ಆಯಿ. ಬೆಂಕಿಯ ಮುಂದೆ ಮುಖ ಕಾಣದ ಧೈರ್ಯಕ್ಕೋ ಏನೋ, ಮನಸಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: 'ನಮ್ಮವ್ವನ್ನ ನೋಡಿದ್ರ ನಿಮಗ ಸಿಟ್ಟು ಬರೂದಿಲ್ಲೇನ್ರಿ?'

'ಬರದ ಏನ ಮಾಡತೈತಿ' ಎಂದಳು. 'ಉಡಕಿ ಆತು ಅಂತ ಸುದ್ದಿ ಬಂತಲ್ಲ, ಎರಡ ದಿನ ರೊಟ್ಟಿ ಸೇರಲಿಲ್ಲ ನನಗ. ಒಳಗಿಂದೊಳಗ ಕುದ್ದೆ. ನನ್ನ ಮಗಳ ಹೋಗಿ ಎರಡ ವರ್ಷ ಪಂಚಮಿ ಮಾಡಿಲ್ಲ ನಾ. ಊರಾಗ ಎಲ್ಲಾರೂ ಮಗಳನ್ನ ಕರ್ಯಾಕ ಹೊಂಟ್ರ ನಾ ಬಾಗಲಾ ಹಾಕ್ಕೊಂಡ ಕುಂಡ್ರಾಕಿ. ಈ ಸಲ ಅನಿಸ್ತು, ಸಿಟ್ಟ ಇಟ್ಕೊಂಡ ಕುಂತ್ರ ನಾ ಯಾರನ್ನ ಕರ್ಯಾಕ ಹೋಗ್ಲಿ? ನನಗ ಕರ್ಯಾಕ ಒಬ್ಬಾಕಿ ಮಗಳ ಬೇಕು. ನಿಮ್ಮವ್ವಗ ಬರವ್ರ ಬೇಕು. ಹಾಕು, ಹಾಕು, ಬೋಗುಣಿ ಕಾದೈತಿ.'

ಇಷ್ಟೇ. ನೀನೂ ಹೊಂದಿಕೊಂಡು ಹೋಗು, ಕಾಕಾನ ಮಾತು ಕೇಳು, ತಂಗಿಯನ್ನು ಪ್ರೀತಿಸು ಎಂದು ಒಂದು ಮಾತೂ ಬುದ್ಧಿ ಹೇಳಲಿಲ್ಲ. ಬನಹಟ್ಟಿಯಲ್ಲಿ ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಇವಳೂ ಶುರು ಮಾಡುತ್ತಾಳೆ ಎಂದು ಕಾದೆ. ಮಾಡಲಿಲ್ಲ. ರಾತ್ರಿ ನಿದ್ದೆ ಬರದೆ ಹೊರಳಾಡಿ, ಇನ್ನು ಮೂರು ದಿನಕ್ಕೆ ದೊಡ್ಡಪ್ಪ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಚೌತಿಯ ದಿನ ಊರ ಹೊರಗಿನ ಬೇವಿನ ಮರದಡಿಯ ಕಲ್ಲು ನಾಗಪ್ಪನಿಗೆ ಹಾಲು. ಮರುದಿನ ಮನೆಯಲ್ಲಿ ಮಣ್ಣಿನ ನಾಗಪ್ಪನಿಗೆ. ನಮ್ಮಲ್ಲಿ ಹಾಲು ಹಾಕುವುದಕ್ಕೆ ಒಂದು ರೀತಿ ಇದೆ. ಕೊಬ್ಬರಿ ತುಂಡನ್ನು ಹಾಲಿನಲ್ಲಿ ಅದ್ದಿ, ಒಬ್ಬೊಬ್ಬರ ಪಾಲಿನದು ಒಂದೊಂದು ಹನಿ, ಬಾಯಿಬಿಟ್ಟು ಹೇಳುತ್ತ ಹಾಕಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು... ಮನೆಯಲ್ಲಿ ಯಾರು ಯಾರು ಇದ್ದಾರೋ ಎಲ್ಲರದೂ. ಬಿಟ್ಟರೆ ಬಿಟ್ಟವರಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಬೀಳಗಿಯಲ್ಲಿ ಅಪ್ಪ ಇದ್ದಾಗ ನಾನು ನಾಯಿಯ ಪಾಲು, ಕರುವಿನ ಪಾಲು ಎಂದೆಲ್ಲ ಹಾಕಿ ಅವರನ್ನು ನಗಿಸುತ್ತಿದ್ದೆ. ಅಪ್ಪ ಹೋದ ಮೇಲೆ ಮೂರು ವರ್ಷ ನಾವು ಹಾಲು ಹಾಕಿರಲೇ ಇಲ್ಲ.

ಸಣ್ಣವಳು ಮೊದಲು ಹಾಕಿದಳು. ಎಲ್ಲ ಬಾಯಿಪಾಠ. ಅಪ್ಪನ ಪಾಲು, ಅವ್ವನ ಪಾಲು, ಆಯಿ ಪಾಲು, ಅಕ್ಕನ ಪಾಲು. ಅಕ್ಕ ಅನ್ನುವಾಗ ನನ್ನ ಕಡೆ ಒಂದು ಕಳ್ಳನೋಟ. ಆಮೇಲೆ ನನ್ನ ಸರದಿ. ಸುತ್ತ ಹತ್ತು ಹದಿನೈದು ಹೆಂಗಸರು. ದೇವರದು ಹಾಕಿದೆ, ಗುರುವಿನದು ಹಾಕಿದೆ. 'ನಮ್ಮಪ್ಪನ ಪಾಲು' ಎಂದೆ, ಬೇಕೆಂದೇ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ. 'ಅವ್ವನ ಪಾಲು' ಎಂದೆ. ಅಲ್ಲಿಗೆ ನಿಲ್ಲಿಸಿದೆ. ಕೊಬ್ಬರಿ ಕೈಯಲ್ಲೇ ಇತ್ತು, ಹಾಲು ಇನ್ನೂ ಇತ್ತು. ಸಣ್ಣವಳು ನನ್ನ ಲಂಗ ಎಳೆದು, 'ಅಕ್ಕಾ, ನಂದು?' ಎಂದಳು. ನಾನು ಕೊಬ್ಬರಿಯನ್ನು ತಾಟಿನಲ್ಲಿಟ್ಟುಬಿಟ್ಟೆ.

ಎದುರು ಮನೆಯಾಕೆ ಬಿಡುತ್ತಾಳೆಯೇ? 'ಅಯ್ಯ ಶಿವನ! ಇದ್ದವ್ರ ಪಾಲ ಬಿಟ್ಟು ಸತ್ತವ್ರ ಪಾಲ ಹಾಕ್ತಾರೇನ ಯಾರರ? ಸತ್ತವ್ರದು ಹಾಕಬಾರದು ಬೇ ಹುಡುಗಿ' ಎಂದಳು. ಅವಳು ಕೆಟ್ಟದ್ದಕ್ಕೆ ಅಂದಿರಲಿಕ್ಕಿಲ್ಲ, ರೂಢಿ ಇರುವುದು ಹಾಗೇ. ಆದರೆ ಸತ್ತವರು ಎಂಬ ಮಾತು ಎಲ್ಲರ ನಡುವೆ ಬಿತ್ತಲ್ಲ... ಅವ್ವ ಅವಮಾನದಿಂದ ಕೆಂಪಾಗಿ ನನ್ನ ರಟ್ಟೆ ಹಿಡಿದು, 'ಹಾಕಲೇ, ಎಲ್ಲಾರದೂ ಹಾಕು' ಎಂದು ಗದರಿದಳು. ನಾನು ಕೈ ಕೊಸರಿಕೊಂಡೆ. ಇವತ್ತೇ ಬೀಳಗಿ ಬಸ್ಸು ಹತ್ತಬೇಕು, ಇನ್ನು ಇವರ್ಯಾರ ಮುಖ ನೋಡಬಾರದು ಎನಿಸಿತು.

ಆಯಿ ಮುಂದೆ ಬಂದಳು. ಅವ್ವನ ಕೈಯನ್ನು ನನ್ನ ರಟ್ಟೆಯಿಂದ ಬಿಡಿಸಿದಳು. 'ಬಿಡು ಆಕಿನ್ನ. ಹಾಕಿದ್ದ ಬರೋಬ್ಬರಿ ಐತಿ.' ನಾನು ಬಿಟ್ಟ ಕೊಬ್ಬರಿ ತುಂಡನ್ನೇ ಎತ್ತಿಕೊಂಡು ಹಾಲಿಗೆ ಅದ್ದಿದಳು. 'ನನ್ನ ಮಗಳ ಪಾಲು' ಎಂದಳು. ಹನಿ ಬಿತ್ತು. ಯಾವ ಮಗಳೆಂದು ಅಲ್ಲಿ ಎಲ್ಲರಿಗೂ ತಿಳಿಯಿತು, ಯಾಕೆಂದರೆ ಆಯಿ ಹಿಂದೆ ತಿರುಗಿ ನನ್ನ ಅವ್ವನನ್ನು ನೋಡಿ, 'ಇದು ಈ ಮಗಳ ಪಾಲು' ಎಂದು ಇನ್ನೊಂದು ಹನಿ ಹಾಕಿದಳು. ಆಮೇಲೆ ಮತ್ತೆ ಅದ್ದಿದಳು. ಮೂಗು ಒರೆಸಿಕೊಂಡಳು.

'ಬೀಳಗಿ ಅಳಿಯಾರ ಪಾಲು' ಎಂದಳು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಬೀಳಗಿಯಲ್ಲಿ ಅವಳಿಗೆ ಯಾವ ಅಳಿಯ? ಆಮೇಲೆ ಹೊಳೆಯಿತು. ನನ್ನ ಅವ್ವ ಅವಳಿಗೆ ಮಗಳಾದರೆ ನನ್ನ ಅಪ್ಪ ಅವಳಿಗೆ ಅಳಿಯ. ಒಂದು ಸಲವೂ ಕಣ್ಣಿಂದ ನೋಡದ ನನ್ನ ಅಪ್ಪನಿಗೆ ಈ ಮುದುಕಿ ಹುನ್ನೂರಿನ ಬೇವಿನ ಮರದ ಕೆಳಗೆ ಹಾಲಿನ ಪಾಲು ಹಾಕಿದ್ದಳು, ಅದೂ ಅಳಿಯಾರು ಎಂದು ಬಹುವಚನದಲ್ಲಿ. ಬನಹಟ್ಟಿಯಲ್ಲಿ ಯಾರೂ ನನ್ನ ಎದುರು ಅಪ್ಪನ ಮಾತು ಎತ್ತುತ್ತಿರಲಿಲ್ಲ. ನನಗೆ ನೋವಾಗಬಾರದೆಂದು ಮುಚ್ಚಿಟ್ಟಿದ್ದರು. ಅವರನ್ನು ಮರೆಯದ ಹೊರತು ನಾನು ಈ ಮನೆಯವಳಾಗಲಾರೆ ಎಂದು ನಾನು ತಿಳಿದುಕೊಂಡಿದ್ದೆ. ಅಲ್ಲೇ ಕೂತು ಅತ್ತೆ. ಮೂರು ವರ್ಷದ ಅಳು ಒಟ್ಟಿಗೇ ಬಂತು. ಅವ್ವನೂ ಪಕ್ಕದಲ್ಲಿ ಕೂತು ಅತ್ತಳು. ಎದುರು ಮನೆಯಾಕೆಯೂ ಕಣ್ಣೊರೆಸಿಕೊಂಡಳು ಎಂದರೆ ನೀವು ನಂಬಬೇಕು. ಆಯಿ ಮಾತ್ರ, 'ಸಾಕು ಬರ್ರೆ, ನಾಗಪ್ಪಗ ಹಾಲ ಹಾಕಾಕ ಬಂದೀರೋ ಕಣ್ಣೀರ ಹಾಕಾಕ ಬಂದೀರೋ' ಎಂದು ತಾಟು ಎತ್ತಿಕೊಂಡು ಮುಂದೆ ನಡೆದಳು.

ಮರುದಿನ ಮನೆಯ ಮಣ್ಣಿನ ನಾಗಪ್ಪನ ಮುಂದೆ ನಾನು ಎಲ್ಲರ ಪಾಲೂ ಹಾಕಿದೆ. ಅಪ್ಪನದು ಮೊದಲು. ಆಮೇಲೆ ಅವ್ವನದು, ಆಯಿಯದು. ತಂಗಿಯ ಪಾಲು ಎಂದಾಗ ಅವಳು ಚಪ್ಪಾಳೆ ಹೊಡೆದಳು. ಕೊನೆಗೆ ಸಣ್ಣ ದನಿಯಲ್ಲಿ 'ಕಾಕಾನ ಪಾಲು' ಎಂದೆ. ಆಯಿ ಕಿವಿಯ ಹಿಂದೆ ಕೈ ಇಟ್ಟು, 'ಏನಂದಿ? ಆ ಮನಶ್ಯಾಗ ಕಿವಿ ಮಂದ. ಬನಹಟ್ಟಿತನಕ ಕೇಳಬೇಕು ನೋಡು' ಎಂದಳು. ನಾನು ಗಂಟಲು ಹರಿಯುವ ಹಾಗೆ ಒ‌ದರಿದೆ. ಹಿತ್ತಲ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವ್ವನೂ. ಅವಳು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ.

ಮೂರನೇ ದಿನ ದೊಡ್ಡಪ್ಪ ಬಂದರು. ಬನಹಟ್ಟಿಗೆ ಹೋಗಿ, ಅಲ್ಲಿಂದ ಕಾಕಾ ಹೇಳಿದ ಗುರುತು ಹಿಡಿದು ಹುನ್ನೂರಿಗೆ ಬಂದಿದ್ದರು. ಬಿಳಿ ಧೋತರ, ಟೊಪ್ಪಿಗೆ, ಮುಖ ಗಂಭೀರ. ಕಟ್ಟೆಯ ಮೇಲೆ ಅಂಚಿಗೆ ಕೂತರು, ಅವ್ವನ ಕಡೆ ನೋಡಲಿಲ್ಲ. 'ಚೀಲಾ ತುಂಬ್ಕೋ ಮಗಳ, ಹೋಗೂಣು' ಎಂದರು. ದೊಡ್ಡಪ್ಪ ಕೆಟ್ಟವರಲ್ಲ. ಸತ್ತ ತಮ್ಮನದು ಅಂತ ಅವರಿಗೆ ಉಳಿದದ್ದು ನಾನೊಬ್ಬಳೇ. ಆ ಮುಖ ನೋಡಿದರೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅವ್ವ ಬಾಗಿಲ ಹಿಂದೆ ನಿಂತದ್ದು ನನಗೆ ಕಾಣುತ್ತಿತ್ತು. ಅಷ್ಟು ಬಾಯಿಯ ಆಯಿ ಕೂಡ, ಇದು ಬೀಳಗಿಯಾಕಿ ತಾನೇ ಹೇಳಬೇಕಾದ ಮಾತು ಎಂದು ಸುಮ್ಮನೆ ತಪಕೀರು ಡಬ್ಬಿ ತಿರುಗಿಸುತ್ತ ಕೂತಳು.

'ದೊಡ್ಡಪ್ಪ, ದೀಪಾವಳಿ ಸೂಟಿಗೆ ಬರ್ತೀನಿ' ಎಂದೆ. 'ಈಗ ಬನಹಟ್ಟಿಗೆ ಹೋಗ್ತೀನಿ.'

ದೊಡ್ಡಪ್ಪ 'ಖರೇನ? ಯಾರರ ಹೇಳಿಕೊಟ್ರೇನ?' ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅವರು ಏಳಲು ಹೋದರು. ಆಗ ಆಯಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡು ಅವರ ಮುಂದೆ ನಿಂತಳು. 'ಹಂಗ ಹೆಂಗ ಹೋಗ್ತೀರಿ? ಅಳಿಯಾರ ಅಣ್ಣ ನೀವು, ನಮಗ ಬೀಗರು. ಮೊದಲನೇ ಸಲ ಮನಿಗ ಬಂದೀರಿ. ಉಂಡ ಹೋಗಬೇಕು' ಎಂದಳು. ಒಳಗಿನಿಂದ ಹೊಸ ಟವೆಲ್ಲು, ಟೊಪ್ಪಿಗೆ ತಂದು ತಾಟಿನಲ್ಲಿಟ್ಟು ಬೀಗರಿಗೆ ಕೊಡುವ ಆಯೇರಿ ಕೊಟ್ಟಳು. ಹೋರಾಡಲು ಬಂದ ಮನುಷ್ಯನಿಗೆ ಮರ್ಯಾದೆ ಮಾಡಿದರೆ ಅವನು ಏನು ಮಾಡಬೇಕು? ದೊಡ್ಡಪ್ಪ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ತುಂಬಿ ಬಂತು. ಆಮೇಲೆ ಬಾಗಿಲ ಕಡೆ ತಿರುಗಿ, ಉಡಕಿ ಆದ ಮೇಲೆ ಮೊದಲ ಸಲ ಅವ್ವನ ಜೊತೆ ಮಾತಾಡಿದರು: 'ಯವ್ವಾ, ಒಂದ ತಂಬಗಿ ನೀರ ಕೊಡು.' ಅವ್ವ ನೀರು ತರಲು ಓಡಿದ ಅವಸರಕ್ಕೆ ಅರ್ಧ ತಂಬಿಗೆ ದಾರಿಯಲ್ಲೇ ಚೆಲ್ಲಿತು.

ಬನಹಟ್ಟಿಗೆ ಮರಳಿದ ಮೇಲೆ ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಜಗಳಗಳಿದ್ದವು. ಹತ್ತನೇ ತರಗತಿಯಲ್ಲಿ ಒಂದು ವಾರ ಅವ್ವನ ಜೊತೆ ಮಾತು ಬಿಟ್ಟಿದ್ದೆ, ಕಾರಣವೇ ನೆನಪಿಲ್ಲ. ಆದರೆ ಚೀಲ ಖಾಲಿ ಮಾಡಿ ಗೂಟಕ್ಕೆ ತೂಗುಹಾಕಿದೆ. ಪರೀಕ್ಷೆಯ ದಿನಗಳಲ್ಲಿ ಕಾಕಾ ಹೇಳದೆ ಕೇಳದೆ ಸಂಜೆ ಎರಡು ತಾಸು ಮಗ್ಗ ನಿಲ್ಲಿಸುತ್ತಿದ್ದರು. ನಾನು ಇವತ್ತಿಗೂ ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಅಪ್ಪ ಎಂಬ ಜಾಗದಲ್ಲಿ ಅಪ್ಪ ಇದ್ದಾರೆ, ಕಾಕಾನ ಜಾಗದಲ್ಲಿ ಕಾಕಾ ಇದ್ದಾರೆ, ಯಾರೂ ಯಾರನ್ನೂ ಒತ್ತರಿಸಿಲ್ಲ. ಪ್ರತಿ ವರ್ಷ ಪಂಚಮಿಗೆ ನಾಲ್ಕು ದಿನ ಮೊದಲು ಆಯಿ ಬಂದೇ ಬರುತ್ತಿದ್ದಳು. ನನ್ನ ಮದುವೆಯಾಗಿ ಮುಧೋಳಕ್ಕೆ ಬಂದ ಮೇಲೆ ಮೊದಲು ಇಲ್ಲಿಗೆ ಬಂದು, ನನ್ನ ಅತ್ತೆಗೆ ನಾಲ್ಕು ಚೇಷ್ಟೆಯ ಮಾತಾಡಿ, ನನ್ನನ್ನು ಎಬ್ಬಿಸಿಕೊಂಡು ಬನಹಟ್ಟಿಗೆ ಹೋಗಿ ಅವ್ವನನ್ನು ಕರೆದುಕೊಂಡು ಹುನ್ನೂರಿಗೆ ಹೋಗುತ್ತಿದ್ದಳು. ನನ್ನ ಅತ್ತೆ ಅವಳಿಗೆ ಹೆದರುತ್ತಿದ್ದರು. ನನಗೆ ಅದೊಂದು ಸುಖ!

ಹೋದ ಪಂಚಮಿಗೂ ಮೊದಲಿನ ಮಾಘದಲ್ಲಿ ಆಯಿ ತೀರಿಕೊಂಡಳು. ಮಲಗಿ ಕೂತು ಯಾರಿಗೂ ತ್ರಾಸು ಕೊಡಲಿಲ್ಲ. ಎಮ್ಮೆ ಹಿಂಡಿ ಬಂದು, ಹಾಲು ಒಲೆಯ ಮೇಲಿಟ್ಟು, ಗೋಡೆಗೆ ಒರಗಿದವಳು ಹಾಗೇ... ಎದುರು ಮನೆಯಾಕೆ ನೋಡಿ ಫೋನು ಮಾಡಿಸಿದಳು. ನಾವೆಲ್ಲ ಹೋದೆವು. ಮಗಳ ಮನೆಯ ಸೀರೆ ಬಂತೇನೆಂದು ಹಿರಿಯರು ಕೇಳಿದಾಗ ಅವ್ವ ಎದ್ದು ಹೋಗಿ ಹೊದಿಸಿದಳು. ಅದು ಕಾಕಾ ತಮ್ಮ ಮಗ್ಗದಲ್ಲೇ ನೇಯ್ದದ್ದು. ಯಾರೂ ಯಾವ ಮಗಳು ಎಂದು ಕೇಳಲಿಲ್ಲ, ಇಪ್ಪತ್ತು ವರ್ಷದಲ್ಲಿ ಹುನ್ನೂರಿಗೆ ಅದು ಮರೆತೇ ಹೋಗಿತ್ತು.

ಮಣ್ಣು ಕೊಡುವ ಹೊತ್ತಿಗೆ, ಕುಣಿಯ ಹತ್ತಿರ, ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು 'ಮೊಮ್ಮಕ್ಕಳು ಬರ್ರಿ' ಎಂದು ಕೂಗಿದರು. ನಾನು ಹಿಂದೆ ಸರಿದೆ. ತಂಗಿ ಅವಳ ಸ್ವಂತ ಮಗಳ ಮಗಳು, ಮೊದಲ ಹಿಡಿ ಅವಳದಾಗಬೇಕು, ಅದು ನ್ಯಾಯ. ತಂಗಿ ಈಗ ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ನರ್ಸು, ಸುಲಭಕ್ಕೆ ಅಳುವವಳಲ್ಲ. ಅವತ್ತು ಮುಖವೆಲ್ಲ ಬಾತುಹೋಗಿತ್ತು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದಳು. ಕುಣಿಗೆ ಹಾಕಲಿಲ್ಲ. ಹಿಂದೆ ತಿರುಗಿ ಬಂದು ನನ್ನ ಅಂಗೈ ಬಿಡಿಸಿ ಅದರಲ್ಲಿ ಸುರಿದಳು. 'ಅಕ್ಕ ದೊಡ್ಡಾಕಿ ಅದಾಳ್ರಿ' ಎಂದಳು ಅಯ್ಯನವರಿಗೆ. 'ಆಕಿದು ಮೊದಲ.'

ಅದನ್ನು ಹಾಕಿದ್ದು ನೆನಪಿದೆ. ಆಮೇಲಿನದು ಅಷ್ಟು ನೆನಪಿಲ್ಲ...

ಹೋದ ವಾರ ಆ ಅಳ್ಳಿನ ವಾಸನೆ ಕುಡಿದು ಮನೆಗೆ ಬಂದವಳೇ ಅವ್ವನಿಗೆ ಫೋನು ಮಾಡಿದೆ. ಹಿಂದೆ ಮಗ್ಗದ ಸದ್ದು, ಅವಳೂ ಈಗ ಒದರಿಯೇ ಮಾತಾಡುತ್ತಾಳೆ. ಪಂಚಮಿಗೆ ಏನು ಮಾಡುತ್ತೀ ಎಂದು ಕೇಳಿದೆ. ತಂಗಿಗೆ ರಜೆ ಸಿಕ್ಕಿದೆಯಂತೆ, ನಾನೂ ಬನಹಟ್ಟಿಗೇ ಬರಬೇಕಂತೆ, ಕಾಕಾ ಶೇಂಗಾ ತಂದಿಟ್ಟಿದ್ದಾರಂತೆ. ಎಲ್ಲ ಹೇಳಿ ಮುಗಿಸಿದ ಮೇಲೆ ದನಿ ಇಳಿಸಿದಳು.

'ನಮ್ಮವ್ವ ಇಲ್ಲದ ಎರಡನೇ ಪಂಚಮಿ ನೋಡ ಇದು' ಎಂದಳು.

ಅವ್ವನನ್ನು ಹೆತ್ತವಳು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ನಾನು ಹೂಂ ಎಂದೆ.